ಐದನೆಯ ಅಯಸ್ಕಾಂತ

"ಐದು ಗಂಟೆ ಅಂದ್ರೆ ಐದೇ ಗಂಟೆ, ಮೇವಿಸ್. ಐದು ದಾಟಿದ ಮೇಲೂ ನೀನು ಅದರ ಅಡಿಯಲ್ಲೇ ಮಲಗಿದ್ರೆ ನಿನ್ನನ್ನೂ ಸೇರಿಸಿ ಮಡಚ್ತೀನಿ."

ಗುಜರಿ ಅಂಗಳದ ಗ್ರೂಬ್ ಇಷ್ಟು ಹೇಳಿ ತನ್ನ ತಗಡಿನ ಕೋಣೆಯತ್ತ ಕಾಲೆಳೆದುಕೊಂಡು ಹೋದ. ಮೇವಿಸ್ ಕ್ರೌಡರ್ ಕೆಲಸ ಮುಂದುವರಿಸಿದಳು. ಅವಳ ಬಾಯಲ್ಲಿ ಟಾರ್ಚು ಇತ್ತು. ಜಲ್ಲಿಕಲ್ಲಿನ ಮೇಲೆ ಅಂಗಾತ ಮಲಗಿದ್ದ ಅವಳ ಮೂಗಿನಿಂದ ಒಂದು ಗೇಣು ಮೇಲೆ, ಎಮೆಟ್ ಮತ್ತು ಓಪಲ್ ಶೋಲ್ಟ್ಸ್ ದಂಪತಿ ಆರು ವರ್ಷ ಬಾಳಿದ ಇಪ್ಪತ್ತೆಂಟು ಅಡಿಯ ಗಾಲಿಮನೆ ಹೊಟ್ಟೆ ಬಗೆದ ಮೀನಿನಂತೆ ಬಿದ್ದಿತ್ತು.

ಒಂಬತ್ತು ದಿನಗಳ ಹಿಂದೆ ಐರನ್ ಕ್ರೀಕ್ ಘಾಟಿಯ ಇಳಿಜಾರಿನಲ್ಲಿ ಇದೇ ಮನೆ ತನ್ನನ್ನು ಎಳೆಯುತ್ತಿದ್ದ ಪಿಕಪ್ಪನ್ನು ಹಿಂದಿನಿಂದ ನೂಕಿ, ತಿರುವಿನಲ್ಲಿ ಮಡಚಿ, ಬಂಡೆಗೆ ಅಪ್ಪಳಿಸಿತ್ತು. ಓಪಲ್ ಸತ್ತಳು. ಸ್ಟಿಯರಿಂಗ್ ಹಿಡಿದಿದ್ದ ಎಮೆಟ್ ಬದುಕಿದ. ಬದುಕಿದ್ದೇ ಅಪರಾಧವಾಯಿತು.

ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಹೊಸದೇನೂ ಸಿಗದಿದ್ದರೆ ಹೆಂಡತಿಯ ಸಾವಿಗೆ ಗಂಡನೇ ಹೊಣೆ. ಇಪ್ಪತ್ತು ವರ್ಷದವರೆಗೆ ಶಿಕ್ಷೆ ಕೊಡಬಹುದು ಎಂದು ಅವನ ವಕೀಲೆ ಹೇಳಿದ್ದಳು. ಎಮೆಟ್‌ಗೆ ಈಗ ಅರವತ್ತಾರು.

ಜಾಮೀನು ಕೂಡ ಸಿಗಲಿಲ್ಲ. "ಸ್ಥಿರವಾದ ವಿಳಾಸ?" ಎಂದು ನ್ಯಾಯಾಧೀಶರು ಕೇಳಿದಾಗ ಎಮೆಟ್ ತಲೆ ತಗ್ಗಿಸಿದ್ದ. ಅವನ ವಿಳಾಸ ಗ್ರೂಬನ ಅಂಗಳದಲ್ಲಿ ಪುಡಿಯಾಗಲು ಕಾಯುತ್ತಿತ್ತು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಪ್ರವಾಸಿಗರ ಕಕ್ಕಸು ತೊಳೆದು, ಅಕ್ಟೋಬರಿನಲ್ಲಿ ಬಯಲಿಗಿಳಿದು ಸಕ್ಕರೆ ತೆಗೆಯುವ ಬೀಟು ಗಡ್ಡೆಯ ರಾಶಿ ಹೊಡೆದು, ಚಳಿಗಾಲಕ್ಕೆ ದಕ್ಷಿಣದ ಗೋದಾಮುಗಳಲ್ಲಿ ಪೊಟ್ಟಣ ಕಟ್ಟುವ ಸಾವಿರಾರು ಮುದುಕ ಮುದುಕಿಯರಿಗೆ ಈ ದೇಶದಲ್ಲಿ ಎಲ್ಲವೂ ಇದೆ, ವಿಳಾಸವೊಂದಿಲ್ಲ. ವಿಳಾಸವಿಲ್ಲದವನ ಮಾತನ್ನು ವಯೋಮಿಂಗ್‌ನ ಯಾವ ಕೋರ್ಟೂ ಮೊದಲಿಗೆ ನಂಬುವುದಿಲ್ಲ.

ಮೇವಿಸ್ ಎರಡನೆಯ ಅಚ್ಚಿನ ಎಡಗಾಲಿಯ ಬ್ರೇಕ್ ಡ್ರಮ್ಮನ್ನು ಕಿತ್ತು ಪಕ್ಕಕ್ಕಿಟ್ಟಳು. ಒಳಗಿನ ಬ್ರೇಕ್ ಪಟ್ಟಿಗಳ ಮೇಲೆ ಬೆರಳಾಡಿಸಿದಳು. ಒರಟು. ಹೊಳಪೇ ಇಲ್ಲ. ಸುಟ್ಟ ವಾಸನೆಯಿಲ್ಲ.

ಅವಳು ಇನ್ನೊಮ್ಮೆ ಬೆರಳಾಡಿಸಿದಳು.

ಹದಿನೆಂಟು ವರ್ಷ ವಿಮಾ ಕಂಪನಿಯೊಂದರಲ್ಲಿ ಒಡೆದ ವಾಹನಗಳ ಲೆಕ್ಕ ನೋಡಿದವಳು ಅವಳು. ಸತ್ಯ ಬರೆದಳೆಂದು ಕೆಲಸ ಹೋದ ಮೇಲೆ ಊರೂರು ತಿರುಗಿ ಗಾಲಿಮನೆಗಳ ಬ್ರೇಕು, ಅಚ್ಚು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದಳು. ಎಮೆಟ್‌ನ ವಕೀಲೆ, ನೂರ ನಲವತ್ತು ಬಡವರ ಮೊಕದ್ದಮೆ ತಲೆಯ ಮೇಲಿಟ್ಟುಕೊಂಡ ಹುಡುಗಿ, ಇವಳ ಕೈಯಲ್ಲಿ ಒಂದು ಕಾಗದ ಕೊಟ್ಟು, "ನನ್ನ ಪರವಾಗಿ ಪತ್ತೆ ಮಾಡೋರು ನೀವೇ. ಬೇರೆ ಯಾರೂ ಇಲ್ಲ," ಎಂದಿದ್ದಳು.

ಹನ್ನೊಂದು ಮೈಲಿ ಇಳಿಜಾರು. ಮೂರೂವರೆ ಟನ್ ಭಾರ. ಗಾಲಿಮನೆಯ ನಾಲ್ಕು ಗಾಲಿಗಳೂ ಬ್ರೇಕ್ ಹಿಡಿದಿದ್ದರೆ ಈ ಪಟ್ಟಿಗಳು ಕಾದು ಕನ್ನಡಿಯಾಗಬೇಕಿತ್ತು. ಪಿಕಪ್ಪಿನ ಮುಂದಿನ ಬ್ರೇಕ್ ತಟ್ಟೆಗಳನ್ನು ಅವಳು ಆಗಲೇ ನೋಡಿದ್ದಳು. ಅವು ನವಿಲ ಕತ್ತಿನಂತೆ ನೀಲಿಗಟ್ಟಿದ್ದವು. ಅಂದರೆ ಎತ್ತು ಕಾಲೂರಿ ನಿಂತಿತ್ತು, ಬಂಡಿ ಅದರ ಬೆನ್ನ ಮೇಲೆ ಬಂದಿತ್ತು.

ಪೊಲೀಸರ ವರದಿ ಬೇರೆ ಹೇಳುತ್ತಿತ್ತು. ರಸ್ತೆಯ ಮೇಲೆ ಗಾಲಿಮನೆಯ ಚಕ್ರಗಳು ನಲವತ್ತಡಿ ಉಜ್ಜಿದ ಕಪ್ಪು ಗುರುತಿದೆ, ಆದ್ದರಿಂದ ಅದರ ಬ್ರೇಕು ಸರಿಯಿತ್ತು, ಚಾಲಕ ಬಳಸಲಿಲ್ಲ. ಭಾರವನ್ನೂ ಮಿತಿಮೀರಿ ಹೇರಿದ್ದ. ಮುಗಿಯಿತು.

"ಮುಠ್ಠಾಳರು," ಎಂದಳು ಮೇವಿಸ್ ಟಾರ್ಚು ಕಚ್ಚಿಕೊಂಡೇ.

ಗಾಲಿಮನೆಗೆ ಬ್ರೇಕು ಹಿಡಿಸಲು ದಾರಿ ಎರಡು. ಒಂದು, ಪಿಕಪ್ಪಿನಿಂದ ಬರುವ ನೀಲಿ ತಂತಿ. ಚಾಲಕ ಪೆಡಲು ತುಳಿದರೆ ಆ ತಂತಿಯಲ್ಲಿ ವಿದ್ಯುತ್ತು ಹರಿದು ನಾಲ್ಕು ಗಾಲಿಗಳ ಅಯಸ್ಕಾಂತಗಳು ಡ್ರಮ್ಮಿಗೆ ಕಚ್ಚಿಕೊಳ್ಳುತ್ತವೆ. ಇನ್ನೊಂದು ತುರ್ತಿನದು. ಕೊಂಡಿ ಮುರಿದು ಮನೆ ಬೇರ್ಪಟ್ಟರೆ ಒಂದು ಕೀಲು ತಾನಾಗಿ ಕಳಚಿ, ಮನೆಯದೇ ಬ್ಯಾಟರಿಯಿಂದ ಗಾಲಿಗಳು ಬಿಗಿಯುತ್ತವೆ. ನಲವತ್ತಡಿ ಗುರುತು ಆ ಕೀಲಿನದು. ಕೊಂಡಿ ಮುರಿದ ಮೇಲಿನದು. ಅದಕ್ಕೂ ಮುಂಚಿನ ಹನ್ನೊಂದು ಮೈಲಿ ಎಮೆಟ್ ತುಳಿದ ಪೆಡಲು ಯಾರಿಗೂ ಕೇಳಿಸಲಿಲ್ಲ.

ಅವಳು ಬೆನ್ನ ಮೇಲೆಯೇ ತೆವಳಿ ಮೂಕಿಯ ಹತ್ತಿರ ಬಂದಳು. ಗಾಲಿಮನೆಯ ಮುಂಭಾಗದಿಂದ ಚಾಚಿ ಪಿಕಪ್ಪಿನ ಹಿಂದಿನ ಕೊಂಡಿಗೆ ಕಚ್ಚಿಕೊಳ್ಳುವ ಉಕ್ಕಿನ ಮೂಕಿ ಈಗ ಸೊಟ್ಟಗಾಗಿ ಆಕಾಶ ನೋಡುತ್ತಿತ್ತು. ಅದರ ಮೇಲೆ ಗ್ಯಾಸ್ ಸಿಲಿಂಡರುಗಳನ್ನು ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಅರ್ಧ ಒಡೆದಿತ್ತು. ನಾಲ್ಕು ತಿರುಪು ಬಿಚ್ಚಿ ಎತ್ತಿದಳು.

ಪಿಕಪ್ಪಿನಿಂದ ಬಂದ ತಂತಿಗಳ ಕಟ್ಟು ಅಲ್ಲಿ ಒಂದು ಡಬ್ಬಿಯೊಳಗೆ ಸೇರುತ್ತಿತ್ತು. ಡಬ್ಬಿಗೆ ಒಂದು ಅಂಗೈ ಮುಂಚೆ ನೀಲಿ ತಂತಿ ತುಂಡಾಗಿತ್ತು.

ಹರಿದದ್ದಲ್ಲ. ಹರಿದರೆ ಎಳೆಗಳು ಕೆದರುತ್ತವೆ. ಇದು ಇಕ್ಕಳದಲ್ಲಿ ಕಚಕ್ಕೆಂದು ಕತ್ತರಿಸಿದ್ದು. ತುದಿಗೆ ಕಪ್ಪು ಅಂಟುಪಟ್ಟಿ ಸುತ್ತಿತ್ತು. ಆ ಪಟ್ಟಿಯನ್ನು ಹಿಡಿದು ಎಳೆದರೆ ಮುಚ್ಚಳದ ಮೂಲೆಯಿಂದ ಮುಷ್ಟಿ ಗಾತ್ರದ ಏನೋ ಜಾರಿ ಅವಳ ಎದೆಯ ಮೇಲೆ ಬಿತ್ತು. ಪೂರಾ ಪಟ್ಟಿ ಸುತ್ತಿದ, ಭಾರವಾದ ಬಿಲ್ಲೆ. ಮುಟ್ಟಿದ ಕೂಡಲೇ ಅವಳಿಗೆ ಗೊತ್ತಾಯಿತು. ಇಂಥದನ್ನು ಸಾವಿರ ಸಲ ಕೈಯಲ್ಲಿ ಹಿಡಿದಿದ್ದಳು.

ಬ್ರೇಕಿನ ಅಯಸ್ಕಾಂತ.

ನಾಲ್ಕು ಗಾಲಿಗೆ ನಾಲ್ಕು. ನಾಲ್ಕನ್ನೂ ಇವತ್ತು ಮಧ್ಯಾಹ್ನ ಎಣಿಸಿದ್ದಳು. ಇದು ಐದನೆಯದು.

ಮೇವಿಸ್ ಕಣ್ಣು ಮುಚ್ಚಿದಳು. ಎಮೆಟ್‌ನ ಹಳೆಯ ಪಿಕಪ್ಪಿನೊಳಗೆ ಚಾಲಕನ ಕಣ್ಣೆದುರು ಒಂದು ಬ್ರೇಕು ಪೆಟ್ಟಿಗೆ ಇತ್ತು, ಅದರಲ್ಲಿ ಒಂದೇ ದೀಪ. ನೀಲಿ ತಂತಿಯ ಆ ತುದಿಗೆ ಅಯಸ್ಕಾಂತ ಸಿಕ್ಕರೆ ಹಸಿರು, ಸಿಗದಿದ್ದರೆ ಕತ್ತಲು. ಸುಮ್ಮನೆ ತಂತಿ ಕತ್ತರಿಸಿದ್ದರೆ ದೀಪ ಆರಿ, ಎಮೆಟ್ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ. ಯಾರೋ ಆ ಪೆಟ್ಟಿಗೆಗೆ ಮುಚ್ಚಳದೊಳಗೊಂದು ಸುಳ್ಳು ಗಾಲಿ ಕೊಟ್ಟಿದ್ದರು. ಹನ್ನೊಂದು ಮೈಲಿಯುದ್ದಕ್ಕೂ ಹಸಿರು ದೀಪ ಉರಿಯುತ್ತಲೇ ಇತ್ತು. ಅವನು ತುಳಿದಾಗಲೆಲ್ಲ ಈ ಬಿಲ್ಲೆ ಕತ್ತಲಲ್ಲಿ ಏನನ್ನೂ ಹಿಡಿಯದೆ ಬಿಗಿಯುತ್ತಿತ್ತು.

"ಇನ್ನೂ ಮುಗೀಲಿಲ್ವಾ ಮೇಡಂ, ಶವಪರೀಕ್ಷೆ?"

ಒಂದು ಜೊತೆ ಶುಭ್ರವಾದ ಬೂಟುಗಳು ಅವಳ ತಲೆಯ ಪಕ್ಕ ನಿಂತಿದ್ದವು. ಮೇವಿಸ್ ಬಿಲ್ಲೆಯನ್ನು ನೀಲಿ ತಂತಿಯ ತುಂಡಿನ ಸಮೇತ ಕಿತ್ತು ಮುಷ್ಟಿಯೊಳಗೆ ತೆಗೆದುಕೊಂಡು ಹೊರಗೆ ತೆವಳಿದಳು.

ಡ್ವೇನ್ ಪ್ರಿಚರ್ಡ್. ಬೆಟ್ಟದ ಮೇಲಿನ ಪ್ರವಾಸಿ ಶಿಬಿರದ ವ್ಯವಸ್ಥಾಪಕ. ಕಂಪನಿಯ ಬಿಳಿ ಪಿಕಪ್ಪನ್ನು ಗೇಟಿನಲ್ಲಿ ಬಿಟ್ಟು, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹೀರುತ್ತ ನಿಂತಿದ್ದ.

"ಒಬ್ಬ ಕೂಲಿಯವನ ಮುರಿದ ಗಾಡಿ ಪುಡಿಯಾಗೋದನ್ನ ನೋಡೋಕೆ ಐವತ್ತು ಮೈಲಿ ಬಂದ್ಯಾ, ಡ್ವೇನ್?"

"ಅಂಗಳದ ಬಾಡಿಗೆ ಕಂಪನಿ ಕಟ್ತಿದೆ. ದಯೆ ಅನ್ನು."

"ಓಪಲ್‌ನ ಹೂಳೋಕೆ ಒಂದು ಹೂವು ಕಳಿಸಲಿಲ್ಲ ನಿನ್ನ ಕಂಪನಿ. ಗಾಡಿಗೆ ಮಾತ್ರ ದಯೆ ಬಂತು."

"ನೋಡು, ಇದು ಕಣ್ಮುಂದೆ ಇದ್ದಷ್ಟೂ ಎಲ್ಲರಿಗೂ ಸಂಕಟ."

"ಎಲ್ಲರಿಗೂ ಅಂದ್ರೆ?"

ಅವನು ಕಾಫಿ ಹೀರಿದ.

ಮೇವಿಸ್ ಜಾಕೆಟ್ಟಿನ ಧೂಳು ಕೊಡವಿದಳು. ಮುಷ್ಟಿ ಜೇಬಿನೊಳಗೆ ಹೋಯಿತು. "ಜುಲೈನಲ್ಲಿ ನಿನ್ನ ಶಿಬಿರದ ಬಾವಿಗೆ ಕಕ್ಕಸಿನ ನೀರು ಸೇರ್ತು. ಪ್ರವಾಸಿಗರಿಗೆ ಬಾಟಲಿ ನೀರು ತರಿಸಿದೆ. ಕೆಲಸದವರಿಗೆ ಬಾವೀದೇ ಕುಡೀರಿ ಅಂದೆ. ಹನ್ನೆರಡು ಜನ ರಕ್ತಭೇದಿಯಲ್ಲಿ ಮಲಗಿದ್ರು. ಎಮೆಟ್ ಹನ್ನೊಂದು ಮನೆಯವರ ಸಹಿ ತಗೊಂಡ, ಎರಡು ಸೀಸೆ ನೀರು ತುಂಬಿಸ್ಕೊಂಡ. ಬೀಟಿನ ಕೆಲಸಕ್ಕೆ ಇಳಿಯುವಾಗ ದಾರೀಲಿ ಆರೋಗ್ಯ ಕಚೇರಿಗೆ ಕೊಡ್ತೀನಿ ಅಂತ ಎಲ್ಲರ ಎದುರೂ ಹೇಳಿದ್ದ. ನೀನೂ ಕೇಳಿಸ್ಕೊಂಡಿದ್ದೆ."

"ಹನ್ನೊಂದು ಮನೆಯವರನ್ನೂ ಈಗ ಕೇಳು. ಸಹಿಯೇ ಹಾಕಿಲ್ಲ ಅಂತಾರೆ."

"ಅಂತಾರೆ. ಮುಂದಿನ ಬೇಸಿಗೇಲಿ ನಿನ್ನ ಗೇಟು ತೆರೀಬೇಕಲ್ಲ ಅವರಿಗೆ."

"ಸೀಸೆಗಳು ಎಲ್ಲಿ? ಕಾಗದ ಎಲ್ಲಿ? ಇಡೀ ದಿನ ಹುಡುಕಿದ್ದೀಯಲ್ಲ." ಅವನ ದನಿಯಲ್ಲಿ ನಗುವಿತ್ತು. "ಇದ್ದರೆ ಸಿಗಬೇಕಿತ್ತು."

ಅವು ಸಿಕ್ಕಿರಲಿಲ್ಲ. ಅದನ್ನು ಅವನ ಮುಖದೆದುರು ಒಪ್ಪಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

"ಗೇಟಿನ ತಪಾಸಣೆ ವಿಷಯ ಹೇಳು," ಎಂದಳು.

ಅದು ಕಂಪನಿಯ ಕಟ್ಟಳೆ. ಋತು ಮುಗಿದ ದಿನ ಕೆಲಸದವರ ಗಾಲಿಮನೆಗಳು ಗೇಟಿನಲ್ಲಿ ಸಾಲಾಗಿ ನಿಲ್ಲಬೇಕು. ಜನರೆಲ್ಲ ಇಳಿದು ದೂರದ ಬಾವುಟದ ಕಂಬದ ಕೆಳಗೆ ಕೈಕಟ್ಟಿ ನಿಲ್ಲಬೇಕು. ಕಂಪನಿಯ ಟವೆಲ್ಲು, ಸ್ಕ್ರೂಡ್ರೈವರು ಕದ್ದಿದ್ದಾರೆಯೇ ಎಂದು ಪ್ರಿಚರ್ಡ್ ಒಬ್ಬೊಬ್ಬರ ಹಾಸಿಗೆ ಮಗಚಿ ನೋಡುತ್ತಾನೆ. ಐದು ತಿಂಗಳು ದುಡಿದವರಿಗೆ ಬೀಳ್ಕೊಡುಗೆ ಇದು.

ಅದೇ ದಿನ ಬೆಳಿಗ್ಗೆ ಏಳಕ್ಕೆ, ತನ್ನ ಜಾಗದಿಂದ ಹೊರಡುವಾಗ, ಎಮೆಟ್ ಎಳೆತದ ಪರೀಕ್ಷೆ ಮಾಡಿದ್ದ. ನಿಧಾನ ಮುಂದೆ ಹೋಗುತ್ತ ಗಾಲಿಮನೆಯ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ, ಹಿಂದಿನ ಭಾರ ಜಗ್ಗಿ ನಿಲ್ಲುತ್ತದೆಯೇ ಎಂದು ನೋಡುವುದು. ಜಗ್ಗಿ ನಿಂತಿತ್ತು, ಪಕ್ಕದ ಮನೆಯವರೂ ನೋಡಿದ್ದರು. ಗಾಲಿಯ ಮೇಲೆ ಬಾಳುವವರು ಇದನ್ನು ದಿನಕ್ಕೊಮ್ಮೆ ಮಾಡುತ್ತಾರೆ. ಕೊಂಡಿ ಬಿಚ್ಚದಿದ್ದರೆ ಮತ್ತೆ ಮಾಡುವುದಿಲ್ಲ. ಎಮೆಟ್ ಕೂಡ ಗೇಟಿನಲ್ಲಿ ಮತ್ತೆ ಮಾಡಲಿಲ್ಲ. ಗೇಟಿನಿಂದ ಶಿಖರದವರೆಗೆ ಬರೀ ಏರು, ಬ್ರೇಕಿನ ಕೆಲಸವೇ ಇಲ್ಲ. ಆಮೇಲೆ ಇಳಿಜಾರು.

ತಂತಿ ಕತ್ತರಿಸಿದ್ದು ಆ ಗೇಟಿನಲ್ಲೇ. ಬೇರೆಲ್ಲೂ ಸಾಧ್ಯವಿಲ್ಲ.

"ಎಮೆಟ್ ಕಂಬದ ಕೆಳಗೆ ನಿಂತಿದ್ದ, ಗಾಡಿಗೆ ಬೆನ್ನು ಹಾಕಿ," ಎಂದಳು ಮೇವಿಸ್. "ಕಾಲುಗಂಟೆ. ಆ ಕಾಲುಗಂಟೆ ಅವನ ಗಾಡಿ ಹತ್ತಿರ ಇದ್ದೋನು ನೀನೊಬ್ಬನೇ."

ಪ್ರಿಚರ್ಡ್ ಕಾಫಿಯನ್ನು ನೆಲಕ್ಕೆ ಚೆಲ್ಲಿದ. ಮೊದಲ ಸಲ ಅವನ ಮುಖದಿಂದ ನಗು ಹೋಯಿತು. ಆದರೆ ಆ ಜಾಗಕ್ಕೆ ಬಂದದ್ದು ಹೆದರಿಕೆಯಲ್ಲ.

"ನಾನು ಶೋಲ್ಟ್ಸ್ ಗಾಡಿ ಮುಟ್ಟಲೇ ಇಲ್ಲ."

"ಎಲ್ಲರದೂ ಮುಟ್ಟಿದೆ, ಅವನದೊಂದನ್ನ ಬಿಟ್ಟೆ? ನಿನಗೆ ಬೇಕಾಗಿದ್ದ ಸೀಸೆ, ಕಾಗದ ಇದ್ದದ್ದು ಅದರಲ್ಲೇ."

"ಬಿಟ್ಟೆ. ಸಾಲಲ್ಲಿದ್ದ ಹನ್ನೊಂದು ಮನೆಯವರೂ ನೋಡಿದ್ದಾರೆ. ಈ ವಿಷಯದಲ್ಲಿ ಅವರು ಸುಳ್ಳು ಹೇಳಬೇಕಾಗಿಲ್ಲ, ಹೋಗಿ ಕೇಳು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಅವನ ಹೆಂಡತಿ ಕಂಬದ ಹತ್ರ ಬರಲಿಲ್ಲ. ಮೊಣಕಾಲು ನೋವು, ನಿಲ್ಲೋಕಾಗಲ್ಲ ಅಂತ ಮೂಕಿ ಮೇಲೆ ಕೂತ್ಕೊಂಡ್ಳು. ನಾನು ಬಾಗಿಲಿಗೆ ಹೋದೆ. ನನ್ನ ಮುಖ ನೋಡಿ, ಡ್ವೇನ್, ದಯವಿಟ್ಟು ಇವತ್ತು ಬೇಡ ಅಂದ್ಳು."

"ನೀನು ಬಿಟ್ಟುಬಿಟ್ಟೆ. ದೇವರಂಥ ಮನುಷ್ಯ."

"ಅವಳು ಅಳ್ತಿದ್ಳು, ಮೇವಿಸ್."

ಗಾಳಿ ಬೀಸಿತು. ಹೆದ್ದಾರಿಯಲ್ಲಿ ಬೀಟು ತುಂಬಿದ ಲಾರಿಗಳು ಒಂದರ ಹಿಂದೊಂದು ಕಾರ್ಖಾನೆಯತ್ತ ಹೋಗುತ್ತಿದ್ದವು.

"ನಾನು ಕೆಟ್ಟವನು. ಆಯ್ತು, ಬಾವಿ ನೀರು ನನ್ನ ತಲೆ ಮೇಲಿರಲಿ," ಎಂದ ಪ್ರಿಚರ್ಡ್. "ಆದ್ರೆ ಅಳೋ ಮುದುಕಿಯ ಹಾಸಿಗೆ ಮಗಚೋ ಅಷ್ಟು ಕೆಟ್ಟಿಲ್ಲ. ಹಿಂದಿನ ಗಾಡಿಗೆ ಹೋದೆ. ಆ ಕಾಲುಗಂಟೆ ಮೂಕಿ ಮೇಲೆ ಇದ್ದೋಳು ಅವಳೊಬ್ಬಳೇ."

ಅವನು ಗ್ರೂಬನ ಕೋಣೆಯತ್ತ ನಡೆದ. ಗಾಡಿ ಪುಡಿಮಾಡುವ ಯಂತ್ರದ ಎಂಜಿನ್ನು ಕೆಮ್ಮಿ ಎದ್ದ ಸದ್ದು ಬಂತು. ನಾಲ್ಕೂವರೆ.

ಮೇವಿಸ್ ಮುರಿದ ಮೂಕಿಯ ಮರೆಗೆ ಸರಿದು ಜೇಬಿನಿಂದ ಬಿಲ್ಲೆ ತೆಗೆದಳು. ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಳು. ಇಡೀ ಬದುಕು ಇಂಥವರ ಸುಳ್ಳು ಕೇಳಿಯೇ ಕಿವಿ ಪಳಗಿತ್ತು. ಕಂಪನಿಯ ಗೋದಾಮಿನ ಗುರುತೋ, ಅಂಗಡಿಯ ಚೀಟಿಯೋ, ಏನಾದರೊಂದು ಇದರ ಮೇಲೆ ಇದ್ದೇ ಇರುತ್ತದೆ. ಉಗುರಿನಿಂದ ಕಪ್ಪು ಪಟ್ಟಿಯ ಕೊನೆ ಹುಡುಕಿ ಸುಲಿಯತೊಡಗಿದಳು. ಒಂದು ಸುತ್ತು, ಎರಡು ಸುತ್ತು. ಪಟ್ಟಿ ನೀಟಾಗಿ, ಒಂದರ ಮೇಲೊಂದು ಅರ್ಧರ್ಧ ಏರಿಸಿ ಸುತ್ತಿತ್ತು. ಅವಸರದ ಗಂಡಸಿನ ಕೆಲಸವಲ್ಲ ಅದು.

ಬಿಲ್ಲೆಯ ಬೆನ್ನು ಕಾಣಿಸಿತು. ಹಳದಿ ಬಣ್ಣದಲ್ಲಿ ಏನೋ ಬರೆದಿತ್ತು.

ಓಪಲ್.

ಬರಹ ಮೇವಿಸಳದೇ.

ಬರೆದ ದಿನ ಅವಳಿಗೆ ನೆನಪಿತ್ತು. ಸೆಪ್ಟೆಂಬರಿನ ಮೊದಲ ವಾರ, ಶಿಬಿರದ ಬಟ್ಟೆ ಒಗೆಯುವ ಕೋಣೆಯ ಹಿಂದೆ. ಓಪಲ್ ಒಂದು ಡಬ್ಬ ಮೆಕ್ಕೆಜೋಳದ ರೊಟ್ಟಿ ತಂದುಕೊಟ್ಟು, "ಒಂದು ಮ್ಯಾಗ್ನೆಟ್ ಕೊಡೇ, ಬಿಡಿಭಾಗ ಅಂತ ಇರ್ಲಿ. ದಾರೀಲಿ ಕೆಟ್ರೆ ನೀನೆಲ್ಲಿ ಸಿಗ್ತೀಯ?" ಎಂದಿದ್ದಳು. ಯಾರದೋ ಸಾಮಾನಿಗೆ ಬೆರೆಯದಿರಲಿ ಎಂದು ಮೇವಿಸಳೇ ಹೆಸರು ಬರೆದುಕೊಟ್ಟಿದ್ದಳು. ಇಬ್ಬರೂ ಏನೋ ಹೇಳಿಕೊಂಡು ನಕ್ಕಿದ್ದರು. ಏನೆಂದು ಈಗ ನೆನಪಿಗೆ ಬರಲಿಲ್ಲ.

ಓಪಲ್ ಇಪ್ಪತ್ತೆರಡು ವರ್ಷ ಮೋಟಾರು ಕಾರ್ಖಾನೆಯಲ್ಲಿ ತಂತಿ ಸುತ್ತಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆ ಹೋಗಿ, ಗಾಲಿ ಬಂತು. ಆ ಕೈಗಳಿಗೆ ಪಟ್ಟಿಯನ್ನು ಅರ್ಧರ್ಧ ಏರಿಸಿ ಸುತ್ತಲು ಕಣ್ಣು ಬೇಕಿರಲಿಲ್ಲ.

ಪ್ಯಾಂಟಿನ ಜೇಬಿನಲ್ಲಿ ಫೋನು ನಡುಗಿತು. ಜಿಲ್ಲಾ ಜೈಲಿನ ಯಂತ್ರದ ದನಿ, ಈ ಕರೆ ಧ್ವನಿಮುದ್ರಣವಾಗುತ್ತಿದೆ ಎಂದಿತು. ಆಮೇಲೆ ಎಮೆಟ್.

"ಮೇವಿಸ್. ಅಂಗಳದಲ್ಲಿದ್ದೀಯಾ?"

"ಇದ್ದೀನಿ. ಊಟ ಮಾಡಿದ್ರಾ?"

"ವಕೀಲೆ ಹೇಳಿದ್ಳು, ಇವತ್ತು ಐದಕ್ಕೆ ಪುಡಿ ಮಾಡ್ತಾರಂತೆ."

"ಅದಕ್ಕೇ ಬಂದಿದ್ದು. ತಡೀಬಹುದು, ಎಮೆಟ್. ನಾನು ಒಂದು ಸಹಿ ಹಾಕಿ, ಏನು ಸಿಕ್ತು ಅಂತ ಬರೆದುಕೊಟ್ರೆ ಕೋರ್ಟು ಹೇಳೋವರೆಗೂ ಗ್ರೂಬ್ ಮುಟ್ಟೋಹಾಗಿಲ್ಲ." ಬ್ರೇಕು ಕೆಲಸ ಮಾಡಿಲ್ಲ, ನಿಮ್ಮ ತಪ್ಪಿಲ್ಲ, ನಾಳೆ ಹೊರಗೆ ಬರ್ತೀರಿ. ಈ ಮೂರು ಮಾತು ಹೇಳಬಹುದಿತ್ತು. ನಾಲ್ಕನೆಯ ಮಾತು ಓಪಲ್ ಹೆಸರು.

ಆ ಕಡೆಯಿಂದ ಯಾರೋ ಬಾಗಿಲು ಬಡಿದ ಸದ್ದು.

"ಮೂಕಿಯ ಮುಚ್ಚಳ ತೆಗೆದ್ಯಾ?" ಎಂದ ಎಮೆಟ್.

ಮುಚ್ಚಳದ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ವಕೀಲೆಗೂ ಇಲ್ಲ.

"ತೆಗೆದಿದ್ದೀಯ," ಎಂದ ಅವನು. "ಹಾಗಾದ್ರೆ ಮತ್ತೆ ಮುಚ್ಚಿಬಿಡು, ತಾಯಿ. ಗಾಡಿ ಪುಡಿಯಾಗ್ಲಿ. ನಾಳೆ ನಾನೇ ಒಪ್ಕೊಳ್ತೀನಿ. ಭಾರ ಜಾಸ್ತಿ ಹೇರಿದ್ದೆ, ಬ್ರೇಕು ನೋಡಲಿಲ್ಲ, ತಪ್ಪು ನಂದು ಅಂತ. ಅವಳಿಗೆ ಈ ಬದುಕು ಸಾಕಾಗಿತ್ತು, ಅವಳ ಹೆಸರು ಎಲ್ಲೂ ಬರೋದು ಬೇಡ."

"ನಿಮಗೆ ಯಾವಾಗಿಂದ ಗೊತ್ತು? ಎಮೆಟ್, ಇಳಿಯೋಕೆ ಮುಂಚೆಯೇ ಗೊತ್ತಿತ್ತಾ?"

ಕರೆ ಕಡಿದುಹೋಯಿತು. ಅವನು ಕಡಿದನೋ, ಜೈಲಿನ ಯಂತ್ರವೋ.

ಗ್ರೂಬ್ ಕಾಗದ ಹಿಡಿದುಕೊಂಡು ಬಂದಿದ್ದ. ಅವನ ಹಿಂದೆ ಪ್ರಿಚರ್ಡ್. "ಹೇಳು ಮೇವಿಸ್. ತಡೀಬೇಕಾ, ಬೇಡ್ವಾ? ನನಗೂ ಮನೆಗೆ ಹೋಗ್ಬೇಕು."

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಕೈ ಅಲ್ಲಿಗೇ ನಿಂತಿತು.

ಗ್ರೂಬ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಏನು ಸಿಕ್ತು ಅನ್ನೋ ಸಾಲು ಖಾಲಿ ಬಿಟ್ಟಿದ್ದೀಯಲ್ಲ. ಅದು ಖಾಲಿ ಇದ್ರೆ ಸಹಿ ಇದ್ದೂ ಇಲ್ಲದ ಹಾಗೆ. ಬರಿ."

ಪ್ರಿಚರ್ಡ್ ಕಾಗದ ನೋಡುತ್ತಿರಲಿಲ್ಲ. ಅವಳ ಎಡಗೈಯ ಮುಷ್ಟಿಯಿಂದ ಜೋತಾಡುತ್ತಿದ್ದ ನೀಲಿ ತಂತಿಯ ತುಂಡನ್ನು ನೋಡುತ್ತಿದ್ದ.